ಮನೆಯ ಕೂಟ, ಮನದ ಮೈತ್ರಿ

ಸಂಗವೆಂಬ ಶಬ್ದಕ್ಕೆ ನಮ್ಮ ಧರ್ಮದಲ್ಲಿ ಬಹಳ ಬೆಲೆಯಿದೆ. ಗುರುಸಂಗ, ಶರಣಸಂಗ, ಸಜ್ಜನಸಂಗ ಎಂದು ನಾವು ಪ್ರವಚನಗಳಲ್ಲಿ ಹೇಳುತ್ತ ಬಂದಿದ್ದೇವೆ. ಭಕ್ತರೂ ತಲೆದೂಗುತ್ತ ಕೇಳುತ್ತ ಬಂದಿದ್ದಾರೆ. ಆದರೆ ಈ ಸಂಗವು ನಡೆಯಬೇಕಾದ ಸ್ಥಳ ಯಾವುದು, ಎಷ್ಟು ದಿನಕ್ಕೊಮ್ಮೆ ನಡೆಯಬೇಕು, ಅಲ್ಲಿ ಏನನ್ನು ತಿನ್ನಬೇಕು, ಯಾರು ಎಲ್ಲಿ ಕುಳಿತುಕೊಳ್ಳಬೇಕು ಎಂಬ ಸಣ್ಣ ಸಂಗತಿಗಳ ಕುರಿತು ಮಾತನಾಡುವುದು ಕಡಿಮೆ. ದೊಡ್ಡ ತತ್ತ್ವಗಳು ಬದುಕಿನಲ್ಲಿ ಇಳಿದು ಬರುವುದು ಇಂಥ ಸಣ್ಣ ಸಂಗತಿಗಳ ಮೂಲಕವೇ. ಆದಕಾರಣ ಈ ತಿಂಗಳ ಲೇಖನವನ್ನು, ಮನೆಗಳಲ್ಲಿ ಹತ್ತಾರು ಜನರು ನೇಮದಿಂದ ಕೂಡಿ ಸುಮ್ಮನೆ ಕುಳಿತು ಮಾತನಾಡುವ ಪದ್ಧತಿಗೆ ಮೀಸಲಿಟ್ಟಿದ್ದೇವೆ.

ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ತಾಲೂಕುಗಳ ಹಳ್ಳಿಗಳಲ್ಲಿ ನಾವು ಅನೇಕ ವರ್ಷಗಳಿಂದ ಸಂಚರಿಸುತ್ತಿದ್ದೇವೆ. ಈ ಕಾಲಾವಧಿಯಲ್ಲಿ ನಮ್ಮ ಸೀಮೆಯು ಬಹಳ ಮುಂದುವರಿದಿದೆ. 1997ರಲ್ಲಿ ಹಾವೇರಿಯು ಪ್ರತ್ಯೇಕ ಜಿಲ್ಲೆಯಾಯಿತು. ರಸ್ತೆಗಳು ಬಂದವು, ಶಾಲೆ ಕಾಲೇಜುಗಳು ಬಂದವು. ಮಣ್ಣಿನ ಮನೆಗಳಿದ್ದಲ್ಲಿ ಸಿಮೆಂಟಿನ ಮನೆಗಳು ಎದ್ದವು. ಇದೆಲ್ಲವೂ ಸಂತೋಷದ ವಿಷಯವೇ. ಆದರೆ ಹೊಸ ಮನೆಗಳಲ್ಲಿ ಒಂದು ಅಂಗ ಕಾಣದಾಗಿದೆ, ಅದು ಜಗಲಿ. ಹಿಂದೆ ಯಾರ ಮನೆಯ ಮುಂದೆಯಾದರೂ ಬೀದಿಗೆ ಮುಖಮಾಡಿದ ಒಂದು ಕಟ್ಟೆ ಇರುತ್ತಿತ್ತು. ಹಾದುಹೋಗುವವರು ಕೇಳದೆ ಕುಳಿತುಕೊಳ್ಳುತ್ತಿದ್ದರು. ಮನೆಯವರು ಕೇಳದೆ ಎಲೆ ಅಡಿಕೆಯ ತಟ್ಟೆಯನ್ನು ತಂದಿಡುತ್ತಿದ್ದರು. ಈಗ ಅಲ್ಲಿ ಕಬ್ಬಿಣದ ಗೇಟು ನಿಂತಿದೆ. ಗೇಟು ಕಳ್ಳನನ್ನು ಎಷ್ಟರಮಟ್ಟಿಗೆ ತಡೆಯಿತೋ ಬಲ್ಲವರಾರು! ನೆರೆಯವನನ್ನಂತೂ ತಡೆದಿದೆ.

ಹಾನಗಲ್ಲ ಕಡೆಯ ಒಂದು ಹಳ್ಳಿಯಲ್ಲಿ ಎಂಬತ್ತು ದಾಟಿದ ತಾಯಿಯೊಬ್ಬರನ್ನು ನಾವು ಕುಶಲ ವಿಚಾರಿಸಿದಾಗ ಅವರು ಹೇಳಿದ ಮಾತು ನಮ್ಮ ಮನಸ್ಸಿನಲ್ಲಿ ನಾಟಿ ನಿಂತಿದೆ. “ಅಜ್ಜಾರ, ಮನ್ಯಾಗ ಎಲ್ಲಾ ಐತ್ರಿ. ಟೀವಿ ಐತಿ, ಫೋನ ಐತಿ, ಮಗಾ ತಿಂಗಳಾ ತಿಂಗಳಾ ರೊಕ್ಕಾ ಕಳಸ್ತಾನ. ಆದ್ರ ‘ಏನ್ ಮಾಡಾಕ ಹತ್ತೀ ಯವ್ವಾ’ ಅಂತ ಬಾಗಲ್ದಾಗ ನಿಂತು ಕೇಳಾವ್ರು ಯಾರೂ ಇಲ್ರಿ” ಎಂದರು. ಆ ತಾಯಿಗೆ ಬಡತನವಿರಲಿಲ್ಲ, ರೋಗವಿರಲಿಲ್ಲ. ಇದ್ದದ್ದು ಒಂದೇ ಕೊರತೆ; ಬಾಗಿಲಲ್ಲಿ ಬಂದು ನಿಲ್ಲುವ ಮನುಷ್ಯನದು.

ಇದು ನಮ್ಮ ಹಳ್ಳಿಯೊಂದರ ದುಃಖವಷ್ಟೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸಾಮಾಜಿಕ ಸಂಬಂಧಗಳ ಕುರಿತು ಒಂದು ಆಯೋಗವನ್ನು ನೇಮಿಸಿತು. 2025ರ ಜೂನ್ ತಿಂಗಳಲ್ಲಿ ಹೊರಬಂದ ಅದರ ವರದಿಯಂತೆ ಜಗತ್ತಿನ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ. ವರ್ಷಕ್ಕೆ ಎಂಟು ಲಕ್ಷ ಎಪ್ಪತ್ತು ಸಾವಿರಕ್ಕೂ ಮಿಕ್ಕಿದ ಮರಣಗಳಿಗೆ ಈ ಒಂಟಿತನದ ಸಂಬಂಧವಿದೆಯೆಂದು ಅಂದಾಜು ಮಾಡಲಾಗಿದೆ. ಬ್ರಿಟನ್ನಿನಲ್ಲಿ 2018ರಲ್ಲಿಯೂ ಜಪಾನಿನಲ್ಲಿ 2021ರಲ್ಲಿಯೂ ಒಂಟಿತನದ ನಿವಾರಣೆಯ ಹೊಣೆಯನ್ನು ಒಬ್ಬ ಮಂತ್ರಿಗೆ ವಹಿಸಬೇಕಾಯಿತು. ಸಿರಿವಂತ ರಾಷ್ಟ್ರಗಳು ಮಂತ್ರಿಯನ್ನು ನೇಮಿಸಿ ಹುಡುಕುತ್ತಿರುವ ವಸ್ತುವು ನಮ್ಮ ಅಜ್ಜಂದಿರ ಜಗಲಿಯ ಮೇಲೆ ಬೇಡದೆ ದೊರೆಯುತ್ತಿತ್ತು.

ಜಗಲಿಯನ್ನು ಮತ್ತೆ ಕಟ್ಟಿರೆಂದು ನಾವು ಹೇಳುತ್ತಿಲ್ಲ. ಜಗಲಿಯು ಮಾಡುತ್ತಿದ್ದ ಕೆಲಸವನ್ನು ಪಡಸಾಲೆಯಿಂದ ಮಾಡಿಸಬೇಕೆಂಬುದು ನಮ್ಮ ಆಶಯ. ಇದಕ್ಕೆ ನಮ್ಮಲ್ಲಿ ದೊಡ್ಡ ಪರಂಪರೆಯೇ ಇದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಸುತ್ತ ನೆರೆದ ಶರಣರ ಕೂಟವನ್ನು ಇಂದು ನಾವು ಅನುಭವಮಂಟಪವೆಂದು ಕರೆದು ಕೈಮುಗಿಯುತ್ತೇವೆ. ಅಲ್ಲಮಪ್ರಭುದೇವರು, ಚೆನ್ನಬಸವಣ್ಣನವರು, ಮಡಿವಾಳ ಮಾಚಯ್ಯನವರು, ಅಕ್ಕಮಹಾದೇವಿ, ಅಂಬಿಗರ ಚೌಡಯ್ಯನವರು ಮೊದಲಾದವರು ಅಲ್ಲಿ ಕೂಡಿದರು. ಬಸವಣ್ಣನವರ ಆ ನೆಲೆಗೆ ಶರಣರು ಕೊಟ್ಟ ಹೆಸರು ಮಹಾಮನೆ. ಅದನ್ನು ಅರಮನೆಯೆಂದು ಅವರು ಕರೆಯಲಿಲ್ಲ, ಗುಡಿಯೆಂದೂ ಕರೆಯಲಿಲ್ಲ, ಮನೆಯೆಂದೇ ಕರೆದರು. ಬಟ್ಟೆ ಒಗೆಯುವವನೂ ದೋಣಿ ನಡೆಸುವವನೂ ಮಂತ್ರಿಯೂ ಒಂದೇ ನೆಲದ ಮೇಲೆ ಕುಳಿತದ್ದು ಒಬ್ಬ ಗೃಹಸ್ಥನ ಮನೆಯಲ್ಲಿ. ಮನೆಗೆ ಬಂದವರ ಯೋಗಕ್ಷೇಮವನ್ನು ಕೇಳದೆ, ಕುಳಿತುಕೊಳ್ಳಿರೆಂಬ ಒಂದು ಮಾತನ್ನೂ ಆಡದೆ ಇರುವ ಸಿರಿಯನ್ನು ಬಸವಣ್ಣನವರು ತಮ್ಮ ವಚನದಲ್ಲಿ ಕಟುವಾಗಿ ಕೆಣಕಿದ್ದಾರೆ. ಅತಿಥಿಯ ಮುಂದೆ ಇಡುವ ಭಕ್ಷ್ಯಕ್ಕಿಂತ ಮೊದಲು ಆಡಬೇಕಾದ ಮಾತೊಂದಿದೆಯೆಂಬುದು ಅದರ ತಾತ್ಪರ್ಯ.

ಕಲ್ಯಾಣದಿಂದ ನಮ್ಮ ನೆಲಕ್ಕೆ ಬರೋಣ. ಶಿಗ್ಗಾಂವ ತಾಲೂಕಿನ ಶಿಶುನಾಳದ ಸಂತ ಶರೀಫರು (1819–1889) ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದರು. ಶಿಷ್ಯನು ಮುಸಲ್ಮಾನನೆಂದು ಊರಿನವರು ಆಕ್ಷೇಪಿಸಿದರೂ ಭಟ್ಟರು ಅವರನ್ನು ತಮ್ಮ ಮನೆಯೊಳಗೆ ಕರೆದುಕೊಂಡು ಕುಳ್ಳಿರಿಸಿಕೊಂಡರೆಂಬುದು ನಮ್ಮ ಕಡೆಯ ಜನಜನಿತ ಕಥೆ. ಆ ಗುರುಶಿಷ್ಯರ ನಂಟು ಮೊಳೆತದ್ದು ಹೊಸ್ತಿಲಿನ ಒಳಗೆ ಎಂಬುದನ್ನು ನಾವು ಗಮನಿಸಬೇಕು. ಬೀದಿಯಲ್ಲಿ ನಮಸ್ಕಾರ ಮಾಡುವುದು ಸುಲಭ. ಮನೆಯೊಳಗೆ ಚಾಪೆ ಹಾಸುವುದು ಕಷ್ಟ. ಕಷ್ಟವಾದದ್ದನ್ನು ಮಾಡಿದ್ದರಿಂದಲೇ ಇಂದಿಗೂ ಶಿಶುನಾಳದ ಗದ್ದುಗೆಗೆ ಎರಡೂ ಧರ್ಮದವರು ಬಂದು ತಲೆಬಾಗುತ್ತಾರೆ.

ಹಿರೇಕೆರೂರ ಸೀಮೆಯ ಅಬಲೂರು ಮಾಸೂರುಗಳು ತಮ್ಮವನೆಂದು ಹೆಮ್ಮೆಪಡುವ ಸರ್ವಜ್ಞನಿಗಂತೂ ತನ್ನದೆಂಬ ಮನೆಯೇ ಇರಲಿಲ್ಲ. ಆದಕಾರಣ ನಾಡಿನ ಮನೆಗಳೆಲ್ಲವೂ ಅವನವಾದವು. ಇನ್ನು ಸವಣೂರನ್ನು ನೋಡಿರಿ. ನವಾಬರ ರಾಜಧಾನಿಯಾಗಿದ್ದ ಆ ಒಂದೇ ಊರಿನಲ್ಲಿ ಉತ್ತರಾದಿಮಠದ ಶ್ರೀ ಸತ್ಯಬೋಧತೀರ್ಥರ ವೃಂದಾವನವಿದೆ, ಮಸೀದಿಗಳಿವೆ, ಕಲ್ಮಠದ ಆವರಣದಲ್ಲಿ ದೊಡ್ಡಹುಣಸೆಯೆಂದು ಹೆಸರಾದ ಮೂರು ಭಾರಿ ಮರಗಳಿವೆ. ಸವಣೂರಿನ ವೀಳ್ಯದೆಲೆ ದೂರದೂರದ ಪೇಟೆಗಳಿಗೆ ಹೋಗುತ್ತಿತ್ತು. ಎಲೆಯು ಯಾವ ತೋಟದ್ದು, ಸುಣ್ಣ ಹಚ್ಚಿದವರು ಯಾರು ಎಂದು ಕೇಳಿ ತಾಂಬೂಲ ಹಾಕಿಕೊಂಡವರು ಆ ಊರಿನಲ್ಲಿ ವಿರಳ.

ಅದೇ ಸವಣೂರಿನಲ್ಲಿ 1909ರಲ್ಲಿ ಜನಿಸಿದ ವಿನಾಯಕ ಕೃಷ್ಣ ಗೋಕಾಕರು ಕಾಲೇಜಿನ ವ್ಯಾಸಂಗಕ್ಕಾಗಿ ಧಾರವಾಡಕ್ಕೆ ಹೋದಾಗ ವರಕವಿ ಬೇಂದ್ರೆಯವರ ‘ಗೆಳೆಯರ ಗುಂಪ’ನ್ನು ಸೇರಿದರು. 1920ರ ದಶಕದಲ್ಲಿ ಬೆಳೆದ ಈ ಗುಂಪಿನಲ್ಲಿ ಬೆಟಗೇರಿ ಕೃಷ್ಣಶರ್ಮರು, ಶಂಬಾ ಜೋಶಿಯವರು, ರಂ. ಶ್ರೀ. ಮುಗಳಿಯವರು ಮೊದಲಾದವರಿದ್ದರು. ಕವಿತೆಯನ್ನು ಓದುವುದು, ಚರ್ಚಿಸುವುದು, ಇದ್ದದ್ದನ್ನು ಹಂಚಿಕೊಂಡು ತಿನ್ನುವುದು, ಮತ್ತೆ ಚರ್ಚಿಸುವುದು—ಇದೇ ಅವರ ಕ್ರಮ. ಕೊನೆಗೆ ಕನ್ನಡ ಸಾಹಿತ್ಯದ ಒಂದು ಯುಗವೇ ಆ ಗೆಳೆತನದಿಂದ ರೂಪುಗೊಂಡಿತು. ಬೇಂದ್ರೆಯವರಿಗೂ ಗೋಕಾಕರಿಗೂ ಮುಂದೆ ಜ್ಞಾನಪೀಠ ಪ್ರಶಸ್ತಿ ಬಂದದ್ದು ಎಲ್ಲರಿಗೂ ಗೊತ್ತು. ವಿಜಯಪುರ ಸೀಮೆಯ ಹಲಸಂಗಿಯೆಂಬ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಎಂಬ ಗೆಳೆಯರು ಹೀಗೆಯೇ ಕೂಡಿದರು. ಹಳ್ಳಿಯ ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಕೇಳಿ ಬರೆದುಕೊಂಡರು. ಅದರಿಂದ 1931ರಲ್ಲಿ ‘ಗರತಿಯ ಹಾಡು’ ಪ್ರಕಟವಾಯಿತು. ಯಾವ ವಿಶ್ವವಿದ್ಯಾಲಯವೂ ಅವರಿಗೆ ಅನುದಾನ ಕೊಟ್ಟಿರಲಿಲ್ಲ. ಅವರಿಗಿದ್ದ ಬಂಡವಾಳವೆಂದರೆ ಪರಸ್ಪರರ ಮನೆಗೆ ಹೋಗಿಬರುವ ಸಲುಗೆ.

ನಮ್ಮ ಸಮಾಜಕ್ಕೆ ಹೊಸ ಉಸಿರನ್ನಿತ್ತ ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳವರನ್ನು (1867–1930) ಇಲ್ಲಿ ಸ್ಮರಿಸದೆ ಮುಂದೆ ಹೋಗಲಾರೆವು. 1904ರಲ್ಲಿ ವೀರಶೈವ ಮಹಾಸಭೆ, 1909ರಲ್ಲಿ ಶಿವಯೋಗಮಂದಿರ. ಈ ಎರಡು ಮಹಾಕಾರ್ಯಗಳ ಹಿಂದೆ ಇದ್ದದ್ದು ಅವರ ಅಖಂಡ ಸಂಚಾರ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಅಂಧ ಬಾಲಕನೊಬ್ಬನ ಕಂಠವನ್ನು ಗುರುತಿಸಿ, ಸಂಗೀತವನ್ನು ಕಲಿಸಿ, ಅವನನ್ನು ಗಾನಯೋಗಿ ಪಂಚಾಕ್ಷರ ಗವಾಯಿಗಳನ್ನಾಗಿ ನಾಡಿಗೆ ಕೊಟ್ಟವರು ಅವರು. ಗದ್ದುಗೆಯ ಮೇಲೆ ಕುಳಿತವರ ಕಿವಿಗೆ ಇಂಥ ಕಂಠವು ಬೀಳುವುದಿಲ್ಲ; ಜನರ ನಡುವೆ ಸುಳಿದಾಡಿದವರ ಕಿವಿಗೆ ಬೀಳುತ್ತದೆ. ಜಂಗಮವೆಂಬ ಶಬ್ದದ ಅರ್ಥವೇ ಚಲಿಸುವುದು. ಚಲಿಸಿ ಎಲ್ಲಿಗೆ ಹೋಗಬೇಕು? ಭಕ್ತನ ಮನೆಗೇ ಹೋಗಬೇಕು.

ವಿರಕ್ತರಾದ ನಿಮಗೆ ಗೆಳೆತನದ ಮಾತೇಕೆ, ಅದು ಸಂಸಾರದ ಪಾಶವಲ್ಲವೇ ಎಂದು ಒಬ್ಬ ವಿದ್ಯಾರ್ಥಿಯು ನಮ್ಮನ್ನು ಕೇಳಿದ್ದುಂಟು. ಪ್ರಶ್ನೆಯು ಯೋಗ್ಯವಾದದ್ದು. ಮೋಹವು ಬೇರೆ, ಮೈತ್ರಿಯು ಬೇರೆ. ಮೋಹವು ‘ನನ್ನವನು’ ಎಂದು ಹಿಡಿದುಕೊಳ್ಳುತ್ತದೆ. ಮೈತ್ರಿಯು ‘ನೀನು ಚೆನ್ನಾಗಿರು’ ಎಂದು ಬಿಟ್ಟುಕೊಡುತ್ತದೆ. ಪತಂಜಲಿ ಮಹರ್ಷಿಗಳು ಚಿತ್ತವು ಪ್ರಸನ್ನವಾಗುವುದಕ್ಕೆ ಹೇಳಿದ ನಾಲ್ಕು ಭಾವನೆಗಳಲ್ಲಿ ಮೈತ್ರಿಯೇ ಮೊದಲನೆಯದು. ಕರುಣೆ, ಮುದಿತೆ, ಉಪೇಕ್ಷೆಗಳು ಅದರ ಅನಂತರ ಬರುತ್ತವೆ. ಯೋಗಶಾಸ್ತ್ರದಲ್ಲಿಯೇ ಮೈತ್ರಿಗೆ ಸ್ಥಾನವಿರುವಾಗ ಕಾವಿಯು ಅದಕ್ಕೆ ಅಡ್ಡಿಯಾಗಲಾರದು. ನಾವು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಗುರುಗಳೊಬ್ಬರು ರವಿವಾರ ಸಂಜೆ ತಮ್ಮ ಮನೆಯ ಬಾಗಿಲನ್ನು ವಿದ್ಯಾರ್ಥಿಗಳಿಗೆ ತೆರೆದಿಡುತ್ತಿದ್ದರು. ಆಮಂತ್ರಣವಿರಲಿಲ್ಲ, ವಿಷಯ ಪಟ್ಟಿ ಇರಲಿಲ್ಲ. ನೆಲದ ಮೇಲೆ ಜಮಖಾನೆ, ಒಂದು ತಾಟಿನಲ್ಲಿ ಶೇಂಗಾ, ತಲೆಗೊಂದು ಅರ್ಧ ಕಪ್ಪು ಚಹಾ. ಮಠದಿಂದ ಹೋದ ನಮಗೆ ಅಲ್ಲಿ ಪ್ರತ್ಯೇಕ ಆಸನವಿರಲಿಲ್ಲ; ಅದೇ ನಮಗೆ ಪ್ರಿಯವಾಗಿತ್ತು. ತರಗತಿಯಲ್ಲಿ ಕೇಳಿದ ಪಾಠಗಳಲ್ಲಿ ಅನೇಕವು ಮರೆತುಹೋಗಿವೆ. ಆ ಜಮಖಾನೆಯ ಮೇಲೆ ಜೊತೆಗಾರರಾದವರು ಮೂವತ್ತು ವರ್ಷಗಳ ಮೇಲೂ ಕಷ್ಟಸುಖಗಳಲ್ಲಿ ನಮ್ಮ ಮಠದ ಬಾಗಿಲಿಗೆ ಬರುತ್ತಾರೆ, ನಾವು ಅವರ ಬಾಗಿಲಿಗೆ ಹೋಗುತ್ತೇವೆ.

ಇದೇ ಪದ್ಧತಿಯನ್ನು ಹಾನಗಲ್ಲ ತಾಲೂಕಿನ ಒಂದು ಹಳ್ಳಿಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಆರಂಭಿಸಿ ಕೆಲವು ವರ್ಷಗಳಾದವು. ಅವರು ಆರಿಸಿಕೊಂಡದ್ದು ಸೋಮವಾರವನ್ನು. ನಮ್ಮ ಭಾಗದಲ್ಲಿ ಸೋಮವಾರ ಎತ್ತುಗಳ ಹೆಗಲ ಮೇಲೆ ನೊಗವಿಡುವುದಿಲ್ಲವೆಂಬುದು ಹಿಂದಿನಿಂದ ಬಂದ ನಡಾವಳಿ. ಟ್ರ್ಯಾಕ್ಟರು ಬಂದಮೇಲೂ ಸೋಮವಾರವೆಂದರೆ ರೈತನ ಮನಸ್ಸಿಗೆ ಬಿಡುವಿನ ದಿನವೇ. ಸಂಜೆ ಏಳು ಗಂಟೆಗೆ ಅವರ ಪಡಸಾಲೆಯ ದೀಪ ಹತ್ತುತ್ತದೆ, ಕದ ತೆರೆಯುತ್ತದೆ. ಮೊದಲನೆಯ ವಾರ ಮೂವರು ಬಂದರಂತೆ. ಎರಡನೆಯ ವಾರ ಒಬ್ಬರೇ. ಶಿಕ್ಷಕರು ಬೇಸರಿಸಲಿಲ್ಲ. ಆ ಒಬ್ಬರೊಡನೆ ಒಂಬತ್ತು ಗಂಟೆಯವರೆಗೆ ಕುಳಿತರು. ಮಳೆ ಬರಲಿ, ಊರಿನಲ್ಲಿ ಜಾತ್ರೆಯಿರಲಿ, ಬಾಗಿಲು ತೆರೆಯುವುದನ್ನು ಅವರು ತಪ್ಪಿಸಲಿಲ್ಲ. ಆರು ತಿಂಗಳ ಅನಂತರ ಹದಿನೈದು ಜನರಾದರು. ಈಗಲೂ ಹತ್ತು ಹದಿನೈದು ಜನರೇ. ಅದಕ್ಕಿಂತ ಹೆಚ್ಚಾದಾಗ ಮತ್ತೊಂದು ಓಣಿಯ ಮನೆಯಲ್ಲಿ ಎರಡನೆಯ ಕೂಟವನ್ನು ಆರಂಭಿಸಿದರು. ಸಂಖ್ಯೆಯನ್ನು ಬೆಳೆಸುವ ಆಸೆಗೆ ಬೀಳದೆ ಇದ್ದದ್ದು ಅವರ ವಿವೇಕ.

ವಾರಕ್ಕೊಮ್ಮೆಯೆಂಬ ನೇಮಕ್ಕೆ ವಿಶೇಷ ಅರ್ಥವಿದೆ. ಅಮೇರಿಕೆಯ ಕಾನ್ಸಾಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜೆಫ್ರಿ ಹಾಲ್ ಎಂಬವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೇವಲ ಪರಿಚಿತನಾದವನು ಸಾಮಾನ್ಯ ಗೆಳೆಯನಾಗಲು ಸುಮಾರು 50 ತಾಸು, ಗೆಳೆಯನೆನಿಸಲು 90 ತಾಸು, ಆಪ್ತಮಿತ್ರನಾಗಲು 200 ತಾಸಿಗೂ ಹೆಚ್ಚಿನ ಒಡನಾಟ ಬೇಕೆಂದು ಕಂಡುಬಂದಿದೆ. ವಾರಕ್ಕೆ ಎರಡು ತಾಸಿನಂತೆ ಲೆಕ್ಕ ಹಾಕಿರಿ. ಆರು ತಿಂಗಳಿಗೆ 50 ತಾಸು, ಎರಡು ವರ್ಷಗಳಿಗೆ 200 ತಾಸು ತುಂಬುತ್ತವೆ. ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ನಾಲ್ಕು ತಾಸು ಕೂಡಿದರೆ 200 ತಾಸು ತುಂಬಲು ಐವತ್ತು ವರ್ಷಗಳು ಬೇಕು. ಜಾತ್ರೆಯು ಭಕ್ತಿಯನ್ನು ಬೆಳಗಿಸುತ್ತದೆ, ಸಂಪ್ರದಾಯವನ್ನು ಉಳಿಸುತ್ತದೆ. ಆದರೆ ರಥಬೀದಿಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತ ಇಬ್ಬರು ಒಬ್ಬರಿಗೊಬ್ಬರು ಅಪರಿಚಿತರಾಗಿಯೇ ಊರಿಗೆ ಮರಳಬಹುದು. ಹನಿ ಹನಿಯಾಗಿ ಬಿದ್ದ ನೀರೇ ನೆಲದಲ್ಲಿ ಇಂಗುವುದೆಂಬುದನ್ನು ಕೆರೆಗಳ ಸೀಮೆಯವರಾದ ನಮಗೆ ಬೇರೆಯವರು ಹೇಳಬೇಕಾಗಿಲ್ಲ.

ಇಂಥ ಕೂಟದಿಂದ ಆಗುವ ಲಾಭವೇನು ಎಂದು ಕೇಳುವವರಿದ್ದಾರೆ. ಹಿರೇಕೆರೂರ ಕಡೆಯ ಒಂದು ಹಳ್ಳಿಯಲ್ಲಿ ನಡೆದುದನ್ನು ಹೇಳುತ್ತೇವೆ. ಅಲ್ಲಿಯ ಕೂಟಕ್ಕೆ ತಪ್ಪದೆ ಬರುತ್ತಿದ್ದ ತರುಣ ರೈತನೊಬ್ಬನು ಎರಡು ಸೋಮವಾರ ಬರಲಿಲ್ಲ. ಕೊಳವೆಬಾವಿಯಲ್ಲಿ ನೀರು ಬಿದ್ದಿರಲಿಲ್ಲ, ಗೋವಿನಜೋಳವು ಒಣಗಿತ್ತು, ಖಾಸಗಿ ಸಾಲವು ಬಡ್ಡಿ ಸೇರಿ ಬೆಳೆದಿತ್ತು. ಇದಾವುದೂ ಕೂಟದವರಿಗೆ ಗೊತ್ತಿರಲಿಲ್ಲ. ಅವನು ಬಂದಿಲ್ಲವೆಂಬುದೊಂದೇ ಗೊತ್ತಿತ್ತು. ಮೂರನೆಯ ಸೋಮವಾರ ನಾಲ್ವರು ಎದ್ದು ಅವನ ಮನೆಗೇ ಹೋಗಿ ಕುಳಿತರು. ಮೊದಲ ಒಂದು ತಾಸು ಅವನು ಮಾತನಾಡಲಿಲ್ಲ, ಅವರೂ ಒತ್ತಾಯಿಸಲಿಲ್ಲ. ಅನಂತರ ಎಲ್ಲವನ್ನೂ ಹೇಳಿದನು. ಅವರು ಅವನಿಗೆ ಹಣ ಕೊಡಲಿಲ್ಲ. ಕೊಡುವಷ್ಟು ಇರಲೂ ಇಲ್ಲ. ಮರುದಿನ ಅವನೊಡನೆ ಬ್ಯಾಂಕಿಗೆ ಹೋದರು, ಸಾಲ ಕೊಟ್ಟವನ ಮನೆಗೂ ಹೋದರು, ಕಂತುಗಳನ್ನು ಮಾಡಿಸಿಕೊಂಡು ಬಂದರು. ಆ ಎರಡು ವಾರಗಳಲ್ಲಿ ತನ್ನ ಮನಸ್ಸು ಯಾವ ಕಡೆಗೆ ತಿರುಗಿತ್ತೆಂಬುದನ್ನು ಅವನೇ ಮುಂದೆ ನಮ್ಮೆದುರಿಗೆ ಹೇಳಿದನು. ರೈತರ ಆತ್ಮಹತ್ಯೆಯ ಸುದ್ದಿಗಳಿಂದ ನೊಂದಿರುವ ನಮ್ಮ ಜಿಲ್ಲೆಯಲ್ಲಿ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂದು ಅವನ ಮಕ್ಕಳು ಶಾಲೆಗೆ ಹೋಗುತ್ತಿವೆ. ಒಬ್ಬನ ಗೈರುಹಾಜರಿಯನ್ನು ಗುರುತಿಸುವ ಹತ್ತು ಕಣ್ಣುಗಳು ಊರಿನಲ್ಲಿರುವುದು ಎಷ್ಟು ದೊಡ್ಡ ಸಂಪತ್ತೆಂಬುದು ನಮಗೆ ಅಂದು ಮನವರಿಕೆಯಾಯಿತು.

ಎಲ್ಲ ಕೂಟಗಳೂ ಹೀಗೆ ಬೆಳೆದವೆಂದು ಭಾವಿಸಬಾರದು. ಒಂದು ಪಟ್ಟಣದಲ್ಲಿ ಎಂಟು ಮನೆಗಳವರು ಸರದಿಯಂತೆ ಕೂಡಲು ನಿಶ್ಚಯಿಸಿದರು. ಮೊದಲನೆಯ ಮನೆಯಲ್ಲಿ ಮಂಡಕ್ಕಿ ಒಗ್ಗರಣೆ ಮತ್ತು ಚಹಾ ಆಯಿತು. ಎರಡನೆಯವರು ಅದರೊಡನೆ ಮಿರ್ಚಿ ಕರಿದರು. ಮೂರನೆಯವರು ಶಿರಾ ಮಾಡಿಸಿದರು. ನಾಲ್ಕನೆಯ ಮನೆಯಲ್ಲಿ ಹೋಳಿಗೆಯ ಊಟವಾಯಿತು. ಐದನೆಯವರು ಸಾಮಾನ್ಯ ಸಂಬಳದ ಗೃಹಸ್ಥರು. ಊರಿಗೆ ಹೋಗಬೇಕಾಗಿದೆಯೆಂದು ತಿಳಿಸಿದರು. ಅಲ್ಲಿಗೆ ಕೂಟ ಮುಗಿಯಿತು. ಹಸಿವಿನಿಂದ ಸತ್ತ ಸಂಘಗಳನ್ನು ನಾವು ಕಂಡಿಲ್ಲ; ಹೋಳಿಗೆಯಿಂದ ಸತ್ತುದನ್ನು ಕಂಡಿದ್ದೇವೆ! ಹಾನಗಲ್ಲಿನ ಶಿಕ್ಷಕರು ಇದನ್ನು ಮೊದಲೇ ಊಹಿಸಿ, ಚಹಾ ಮತ್ತು ಒಂದೇ ತಿನಿಸು, ಅದೂ ಮನೆಯಲ್ಲಿದ್ದದ್ದು ಎಂದು ಕಟ್ಟು ಮಾಡಿದ್ದರು. ಒಮ್ಮೆ ಸವಣೂರ ಖಾರದ ಪೊಟ್ಟಣವನ್ನು ತಂದವರೊಬ್ಬರಿಗೂ ನಗುತ್ತಲೇ, ‘ಇದು ಈ ವಾರದ ತಿನಿಸು, ಹಾಗಾದರೆ ಮಂಡಕ್ಕಿ ಒಳಗೇ ಇರಲಿ’ ಎಂದರು. ಬಡವನಾದ ಗೃಹಸ್ಥನೂ ಅಂಜದೆ ನಡೆಸಬಲ್ಲ ಕೂಟವೇ ನಿಜವಾದ ಕೂಟ. ದಾಸೋಹವೆಂದರೆ ಹೆಚ್ಚು ಬಡಿಸುವುದಲ್ಲ. ಇದ್ದುದರಲ್ಲಿ ಅಹಂಕಾರವಿಲ್ಲದೆ ಹಂಚಿಕೊಳ್ಳುವುದು.

ಮತ್ತೊಂದು ಊರಿನಲ್ಲಿ ಕೂಟವು ಕಾರ್ಯಕ್ರಮವಾಗಿ ಮಾರ್ಪಟ್ಟು ಕೆಟ್ಟಿತು. ಆರಂಭದಲ್ಲಿ ಎಲ್ಲರೂ ವರ್ತುಳವಾಗಿ ಕುಳಿತು ಮಾತನಾಡುತ್ತಿದ್ದರು. ಕೆಲವು ದಿನಗಳಾದ ಮೇಲೆ ಅಧ್ಯಕ್ಷರನ್ನು ಆರಿಸಿದರು. ಪ್ರಾರ್ಥನೆ, ಸ್ವಾಗತ, ಉಪನ್ಯಾಸ, ಮಾಲಾರ್ಪಣೆ, ವಂದನಾರ್ಪಣೆಗಳು ಬಂದವು. ಕೊನೆಗೆ ಧ್ವನಿವರ್ಧಕವೂ ಬಂದಿತು. ಹನ್ನೆರಡು ಜನರಿಗೆ ಧ್ವನಿವರ್ಧಕವೇಕೆ? ಅದು ಬಂದ ದಿನವೇ ಮಾತು ಒಬ್ಬರದಾಯಿತು, ಉಳಿದವರು ಶ್ರೋತೃಗಳಾದರು. ಶ್ರೋತೃಗಳು ನಿಧಾನವಾಗಿ ಕರಗಿದರು. ಉಪನ್ಯಾಸಕ್ಕೆ ಮಠದಲ್ಲಿ ವೇದಿಕೆಯಿದೆ. ಶಿವಾನುಭವ ಗೋಷ್ಠಿಗಳಿವೆ, ಶ್ರಾವಣದ ಪ್ರವಚನಗಳಿವೆ. ಅವುಗಳನ್ನು ಮನೆಯೊಳಗೆ ಎಳೆದು ತಂದರೆ ಮನೆಯೂ ಉಳಿಯುವುದಿಲ್ಲ, ಗೋಷ್ಠಿಯೂ ಉಳಿಯುವುದಿಲ್ಲ. ಮನೆಯ ಕೂಟದಲ್ಲಿ ಮಳೆಯ ಮಾತು, ಬೆಳೆಯ ಮಾತು, ಮಕ್ಕಳ ಪರೀಕ್ಷೆಯ ಮಾತು, ಯಾರೋ ಹಾಡಿದ ಒಂದು ತತ್ತ್ವಪದ, ನಡುವೆ ಒಂದಿಷ್ಟು ಮೌನ—ಇಷ್ಟೇ ಸಾಕು.

ಕೂಟಕ್ಕೆ ಕೆಲವು ಬೇಲಿಗಳೂ ಅವಶ್ಯ. ಚುನಾವಣೆಯ ಪ್ರಚಾರವು ಅಲ್ಲಿ ಸಲ್ಲದು. ಚೀಟಿ ಹಾಕುವುದು, ಸಾಲ ಕೇಳುವುದು, ವಂತಿಗೆ ಎತ್ತುವುದು ಸಲ್ಲದು. ಹಣವು ಹೊಸ್ತಿಲು ದಾಟಿದರೆ ಗೆಳೆಯರು ಬಾಕಿದಾರರಾಗುತ್ತಾರೆ. ಬಾರದಿದ್ದವರ ಕುರಿತು ಕ್ಷೇಮಸಮಾಚಾರವನ್ನಲ್ಲದೆ ಬೇರೆ ಮಾತನ್ನು ಆಡಕೂಡದು. ಅಲ್ಲಿ ಕೇಳಿದ ಕಷ್ಟವನ್ನು ಓಣಿಯಲ್ಲಿ ಹರಡಕೂಡದು. ಕಿಸೆಯಲ್ಲಿರುವ ಮೊಬೈಲನ್ನು ಕಿಸೆಯಲ್ಲಿಯೇ ಇರಗೊಡಬೇಕು. ಈ ಐದು ನಿಯಮಗಳನ್ನು ಗೋಡೆಯ ಮೇಲೆ ಬರೆದು ತೂಗುಹಾಕಬೇಕಾಗಿಲ್ಲ. ಮನೆಯ ಹಿರಿಯರು ಪಾಲಿಸಿದರೆ ಉಳಿದವರು ತಾವಾಗಿಯೇ ಪಾಲಿಸುತ್ತಾರೆ.

ಇನ್ನು ಎರಡು ಸೂಕ್ಷ್ಮ ಸಂಗತಿಗಳಿವೆ. ಮೊದಲನೆಯದು ತಾಯಂದಿರದು. ಗಂಡಸರಿಗೆ ಚಹಾದ ಅಂಗಡಿಯಿದೆ, ಗುಡಿಯ ಕಟ್ಟೆಯಿದೆ. ಹೆಣ್ಣುಮಕ್ಕಳಿಗೆ ಬಾವಿಕಟ್ಟೆಯಿತ್ತು, ಮನೆಮನೆಗೆ ನಳ ಬಂದ ಮೇಲೆ ಅದೂ ಹೋಯಿತು. ಮನೆಯಲ್ಲಿ ಕೂಟ ಸೇರಿಸಿ, ಮನೆಯೊಡತಿಯನ್ನು ಒಲೆಯ ಮುಂದೆ ನಿಲ್ಲಿಸಿದರೆ ಅವಳ ಪಾಲಿಗೆ ಅದು ಒಂದು ಹೆಚ್ಚಿನ ದುಡಿಮೆಯೇ ಹೊರತು ಮೈತ್ರಿಯಲ್ಲ. ತಿನಿಸು ಸರಳವಾಗಿರಬೇಕೆನ್ನುವುದಕ್ಕೆ ಇದು ಎರಡನೆಯ ಕಾರಣ. ಶಿಗ್ಗಾಂವ ತಾಲೂಕಿನ ಒಂದು ಮನೆಯಲ್ಲಿ ಚಹಾ ಕಾಸುವುದೂ ಕಪ್ಪು ತೊಳೆಯುವುದೂ ಗಂಡಸರ ಪಾಳಿ. ಮೊದಲ ದಿನ ಸೊಸೆಯಂದಿರು ಬಾಗಿಲ ಮರೆಯಲ್ಲಿ ನಿಂತು ನಕ್ಕರಂತೆ. ಎರಡನೆಯ ತಿಂಗಳಲ್ಲಿ ಬಂದು ಕುಳಿತರು. ಈಗ ಆ ಕೂಟದ ಮಾತಿನಲ್ಲಿ ಅರ್ಧಪಾಲು ಅವರದೇ. ಅಕ್ಕಮಹಾದೇವಿಯೊಡನೆ ಅಲ್ಲಮಪ್ರಭುಗಳು ಸರಿಸಮಾನವಾಗಿ ಸಂವಾದಿಸಿದ ಪರಂಪರೆಯವರು ನಾವು. ನಮ್ಮ ಮನೆಯ ಅಕ್ಕಂದಿರು ಬಾಗಿಲ ಮರೆಯಲ್ಲಿ ನಿಲ್ಲುವುದು ನಮಗೆ ಶೋಭೆಯಲ್ಲ.

ಎರಡನೆಯದು ಜಾತಿಯ ಹೊಸ್ತಿಲು. ನಮ್ಮವರೇ ನಮ್ಮವರೊಡನೆ ಕೂಡಿದರೆ ಅದು ಬಳಗವಾಗುತ್ತದೆ. ಬಳಗವೂ ಬೇಕು, ಆದರೆ ಅದಕ್ಕೆ ಮಹಾಮನೆಯ ಹೆಸರು ಹೇಳಲಾಗದು. ತಿಂಗಳಿಗೊಮ್ಮೆಯಾದರೂ ಈವರೆಗೆ ನಿಮ್ಮ ಪಡಸಾಲೆಗೆ ಬಾರದಿದ್ದ ಒಬ್ಬರನ್ನು ಕರೆಯಿರಿ. ಕೇರಿಯವರನ್ನು ಕರೆಯಿರಿ, ಮುಸಲ್ಮಾನ ನೆರೆಯವರನ್ನು ಕರೆಯಿರಿ, ಕೆಲಸಕ್ಕಾಗಿ ಪರಸ್ಥಳದಿಂದ ಬಂದ ನೌಕರರನ್ನು ಕರೆಯಿರಿ. ಕರೆದಮೇಲೆ ಅದೇ ಜಮಖಾನೆ, ಅದೇ ಕಪ್ಪು ಇರಬೇಕು. ಅಷ್ಟೇ ಅಲ್ಲ, ಅವರು ಕರೆದಾಗ ಅವರ ಮನೆಗೆ ಹೋಗಿ ಅಲ್ಲಿಯ ಚಹಾ ಕುಡಿಯಬೇಕು. ಕರೆಯುವುದರಲ್ಲಿ ದೊಡ್ಡಸ್ತಿಕೆ ಇಣುಕಬಹುದು. ಹೋಗಿ ಉಣ್ಣುವುದರಲ್ಲಿಯೇ ಸಮತೆಯ ಪರೀಕ್ಷೆಯಿದೆ. ಗೋವಿಂದಭಟ್ಟರ ಕಥೆಯನ್ನು ವೇದಿಕೆಯ ಮೇಲೆ ಹೇಳಿ ಚಪ್ಪಾಳೆ ಪಡೆಯುವವರು ಬಹಳ. ಅದನ್ನು ತಮ್ಮ ಪಡಸಾಲೆಯಲ್ಲಿ ನಡೆಸುವವರು ಬೇಕಾಗಿದ್ದಾರೆ.

ಸ್ವಾಮಿಗಳು ಮನೆಗೆ ಬರುತ್ತಾರೆಂದರೆ ಭಕ್ತರು ಪಾದಪೂಜೆ, ಫಲಪುಷ್ಪ, ಕಾಣಿಕೆ, ಮಂಟಪವೆಂದು ಸಂಭ್ರಮಿಸುತ್ತಾರೆ. ಅವರ ಭಕ್ತಿಯನ್ನು ನಾವು ಗೌರವಿಸುತ್ತೇವೆ. ಆದರೆ ಪಾದಪೂಜೆಗಾಗಿ ಸಾಲ ಮಾಡಿದ ಮನೆಯನ್ನು ಕಂಡ ಮೇಲೆ ನಮ್ಮ ಮನಸ್ಸಿಗೆ ಬಹಳ ವ್ಯಥೆಯಾಯಿತು. ಅಂದಿನಿಂದ ಈ ಕೂಟಗಳಿಗೆ ನಾವು ಹೋಗುವುದಾದರೆ ಒಂದು ಷರತ್ತನ್ನು ವಿಧಿಸಿದ್ದೇವೆ. ಪೂಜೆಯಿಲ್ಲ, ಕಾಣಿಕೆಯಿಲ್ಲ, ಎತ್ತರದ ಆಸನವಿಲ್ಲ, ಮುಂಚಿತವಾದ ಸುದ್ದಿಯೂ ಇಲ್ಲ. ಹೋಗುತ್ತೇವೆ, ಎಲ್ಲರ ಸಾಲಿನಲ್ಲಿ ಕುಳಿತುಕೊಳ್ಳುತ್ತೇವೆ, ಕೇಳುತ್ತೇವೆ. ಮೊದಮೊದಲು ಭಕ್ತರು ಸಂಕೋಚದಿಂದ ಮೌನವಾಗಿರುತ್ತಿದ್ದರು. ಈಗ ನಮ್ಮೆದುರಿಗೇ ನಗುತ್ತಾರೆ, ವಾದಿಸುತ್ತಾರೆ, ಮಠದ ಕೆಲಸಗಳಲ್ಲಿ ಕಂಡ ಕೊರತೆಗಳನ್ನೂ ಹೇಳುತ್ತಾರೆ. ಗದ್ದುಗೆಯ ಮುಂದೆ ಕೈಮುಗಿದು ನಿಂತ ಭಕ್ತನು ಎಂದೂ ಹೇಳದ ಸತ್ಯವನ್ನು ಜಮಖಾನೆಯ ಮೇಲೆ ಕುಳಿತ ಭಕ್ತನು ಹೇಳುತ್ತಾನೆ. ಮಠವು ಸರಿಯಾಗಿ ನಡೆಯಲು ಎರಡನೆಯವನೂ ಅಷ್ಟೇ ಅವಶ್ಯ.

ನಮ್ಮ ಪ್ರಸಾದನಿಲಯದಲ್ಲಿ ಉಂಡು ಓದಿ, ಇಂದು ಹುಬ್ಬಳ್ಳಿ, ಬೆಂಗಳೂರು, ಪುಣೆ, ಪರದೇಶಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳಿಗೂ ಒಂದು ಮಾತು. ಒಂದೇ ಪಂಕ್ತಿಯಲ್ಲಿ ಕುಳಿತು ಜೋಳದ ರೊಟ್ಟಿ ಉಂಡ ನಿಮಗೆ ಗೆಳೆತನವನ್ನು ಯಾರೂ ಕಲಿಸಬೇಕಾಗಿರಲಿಲ್ಲ. ದಿನಕ್ಕೆ ಎರಡು ಸಲ ಆ ಪಂಕ್ತಿಯೇ ಕಲಿಸಿತು. ಈಗ ಒಂದೇ ಕಟ್ಟಡದ ನಾಲ್ಕನೆಯ ಮಹಡಿಯವರಿಗೆ ಐದನೆಯ ಮಹಡಿಯವರ ಹೆಸರು ಗೊತ್ತಿಲ್ಲವೆಂದು ನೀವೇ ಬಂದು ಹೇಳುತ್ತೀರಿ. ದೇಣಿಗೆಯನ್ನು ಕಳಿಸುತ್ತೀರಿ, ಅದಕ್ಕಾಗಿ ಮಠವು ಕೃತಜ್ಞವಾಗಿದೆ. ಅದರೊಡನೆ ವಾರದ ಒಂದು ಸಂಜೆ ನಿಮ್ಮ ಮನೆಯ ಕದವನ್ನು ತೆರೆದಿಟ್ಟರೆ ಮಠಕ್ಕೆ ಸಲ್ಲುವ ಕಾಣಿಕೆಯು ಪೂರ್ಣವಾಯಿತೆಂದು ನಾವು ತಿಳಿಯುತ್ತೇವೆ. ಊರಿನಲ್ಲಿರುವ ತಂದೆತಾಯಿಗಳ ಮನೆಯಲ್ಲಿಯೂ ಇಂಥದೊಂದು ಕೂಟವು ನಡೆಯುವಂತೆ ನೆರೆಯವರೊಡನೆ ಮಾತನಾಡಿರಿ. ನೀವು ಕಳಿಸುವ ಹಣವು ಔಷಧವನ್ನು ತರುತ್ತದೆ. ಔಷಧ ತೆಗೆದುಕೊಂಡೆಯಾ ಎಂದು ಕೇಳುವ ಬಾಯಿ ನೆರೆಮನೆಯಿಂದಲೇ ಬರಬೇಕು.

ಇದಕ್ಕೆ ಶುಭಮುಹೂರ್ತವನ್ನು ನೋಡಬೇಕಾಗಿಲ್ಲ. ಬರುವ ಸೋಮವಾರವೇ ಸಾಕು. ಒಂದು ಜಮಖಾನೆಯನ್ನು ಕೊಡವಿ ಹಾಸಿರಿ, ಚಹಾದ ನೀರನ್ನು ಒಲೆಯ ಮೇಲಿಡಿರಿ, ಕದವನ್ನು ತೆರೆಯಿರಿ. ಮೊದಲ ದಿನ ಯಾರೂ ಬಾರದಿದ್ದರೆ ನಿರಾಶರಾಗಬೇಡಿರಿ. ಮುಂದಿನ ಸೋಮವಾರವೂ ತೆರೆಯಿರಿ. ಬಂದವರ ಹೆಸರನ್ನು ನೆನಪಿಡಿರಿ. ಬಾರದವರ ಹೆಸರನ್ನು ಅದಕ್ಕಿಂತ ಹೆಚ್ಚಾಗಿ ನೆನಪಿಡಿರಿ. ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ಸೀಮೆಯ ಪ್ರತಿಯೊಂದು ಓಣಿಯಲ್ಲಿಯೂ ಇಂಥ ಒಂದು ಮನೆಯಾದರೂ ಇರಲಿ. ಬಾಗಿಲಲ್ಲಿ ನಿಂತು ಕೇಳುವವರಿಲ್ಲವೆಂಬ ಮಾತು ಯಾವ ತಾಯಿಯ ಬಾಯಿಂದಲೂ ಬಾರದಿರಲಿ. ಸದ್ಭಕ್ತರೆಲ್ಲರ ಮನೆಗಳು ಮಹಾಮನೆಗಳಾಗಲೆಂದು ಗುರುಬಸವಾದಿ ಪ್ರಮಥರ ಸನ್ನಿಧಿಯಲ್ಲಿ ಪ್ರಾರ್ಥಿಸಿ ಹರಸುತ್ತೇವೆ.